ಕಾಮಾಲೆ ಮದ್ದಿನ ಮನೆ

ಮದಕರಿಪುರ
೧೩ ಜುಲೈ ೨೦೨೫

ಪ್ರೀತಿಯ ಮಗಳು ದಿವ್ಯಾಳಿಗೆ ಅಪ್ಪನ ಆಶೀರ್ವಾದಗಳು.

ಹೊಸದುರ್ಗದಲ್ಲಿ ನೀನು, ಅಳಿಯಂದಿರು ಕ್ಷೇಮವೇ? ನಿನ್ನ ಸೊಂಟನೋವು ಹೇಗಿದೆ? ನಿನ್ನ ಅಮ್ಮನಿಗೆ ಊಟ ಸೇರುತ್ತಿಲ್ಲ. ಕೇಳಿದರೆ ನನ್ನ ಮೇಲೇ ರೇಗುತ್ತಾಳೆ, ರೇಗಲಿ. ಫೋನಿನಲ್ಲಿ ಹೇಳಲು ಹೋದರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಣ್ಣ ಹಾಲೇಶನ ಮಗಳು ಸುಚಿತ್ರಾ ಒಂಬತ್ತು ದಿನದಿಂದ ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದಾಳೆ. ಜ್ವರ ಬಂದು ಕಣ್ಣು ಹಳದಿಯಾದಾಗ ಎಲ್ಲರಿಗೂ ಕೊಡುವಂತೆ ಬರಿಹೊಟ್ಟೆಗೆ ಆಡಿನ ಹಾಲಿನಲ್ಲಿ ನೆಲನೆಲ್ಲಿ ಅರೆದು ಕೊಟ್ಟೆ, ಉಪ್ಪಿಲ್ಲದ ಅನ್ನ ತಿನ್ನಿಸಿದೆ. ಹಾಲೇಶ ಆಸ್ಪತ್ರೆ ಅಂದಾಗ, ಮೂರು ತಲೆಮಾರಿನಿಂದ ಕಾಮಾಲೆಗೆ ಮದ್ದು ಕೊಡುವ ಮನೆಯವರೇ ಡಾಕ್ಟರ ಹತ್ತಿರ ಹೋದರೆ ಊರು ನಗುತ್ತದೆ ಎಂದು ಗದರಿದೆ. ನಾಲ್ಕನೆಯ ದಿನ ಮಗು ಬಿಳುಚಿಕೊಂಡು ಬಚ್ಚಲಲ್ಲಿ ಬಿದ್ದಳು. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ.

ಡಾಕ್ಟರಮ್ಮ ನಮ್ಮ ಕಡೆಯವರೇ. “ಅಜ್ಜಾ, ರಕ್ತದ ಕಣದೊಳಗೆ ಪ್ರೋಟೀನಿಂದು ಒಂದು ಹಂದರ ಐತೆ. ಹೊರಗಿನ ಪೊರೇನ ಹಿಡ್ಕಂಡಿರೋದು ಅದೇ. ಈ ಮಗೂಗೆ ಆ ಕಟ್ಟು ಹುಟ್ಟಿನಿಂದ್ಲೇ ಸಡಿಲ” ಎಂದರು. ಒಳ್ಳೆಯ ಕಣ ಬಿಲ್ಲೆಯಂತಿದ್ದು, ಬಾಗಿ ಬಳುಕಿ ಸಂದಿಯಲ್ಲೂ ತೂರುತ್ತದಂತೆ. ಇವಳದು ಗುಂಡಗಾಗಿ, ಹೊಟ್ಟೆಯ ಎಡಗಡೆ ಇರುವ ಗುಲ್ಮದಲ್ಲಿ ಸಿಕ್ಕಿಕೊಂಡು ಒಡೆಯುತ್ತದೆ. ಹಳದಿ ಬರುವುದು ಅದರಿಂದಲೇ. ಚೇತರಿಸಿಕೊಂಡ ಮೇಲೆ ಗುಲ್ಮ ತೆಗೆದರೆ ಕಣ ಒಡೆಯುವುದು ಕಡಿಮೆಯಾಗುತ್ತದೆ, ಹಂದರ ಮಾತ್ರ ಹಾಗೇ ಇರುತ್ತದೆ. ಅದನ್ನು ಬಿಗಿ ಮಾಡಲು ನಾನು ಯಾವ ಸೊಪ್ಪು ಹುಡುಕಲಿ, ಹೇಳು. ಆಮೇಲೆ ನನ್ನ ರೆಪ್ಪೆ ಎಳೆದು ನೋಡಿ, “ನಿಮ್ದೂ ಹಳದೀನೆ ಅಲ್ಲೇನಜ್ಜಾ, ಇದು ನಿಮ್ಮಿಂದ್ಲೇ ಬಂದೈತೆ” ಅಂದುಬಿಟ್ಟರು.

ನೀನೂ ರಕ್ತ ಪರೀಕ್ಷೆ ಮಾಡಿಸಿಕೊ. ಚಿಕ್ಕಂದಿನಲ್ಲಿ ವರ್ಷಕ್ಕೊಮ್ಮೆ ಹಳದಿಯಾಗುತ್ತಿದ್ದೆಯಲ್ಲ, ಅದೂ ಇದೇ ಇರಬೇಕಂತೆ. ತಾನಾಗಿ ಬಂದು ತಾನಾಗಿ ಹೋಗುತ್ತಿತ್ತು. ನಾನೋ, ನನ್ನ ಮದ್ದಿನಿಂದಲೇ ನಿನಗೆ ವಾಸಿಯಾಯಿತೆಂದು ಬಂದವರಿಗೆಲ್ಲ ಹೇಳಿಕೊಂಡು ಬಂದೆ. ಸಪ್ಪೆ ಅನ್ನ ಒಲ್ಲೆ ಎಂದು ಅತ್ತಾಗ ಒಮ್ಮೆ ನಿನಗೆ ಹೊಡೆದೂ ಇದ್ದೇನೆ. ನನಗೆ ತುಂಬಾ ನಾಚಿಕೆಯಾಗುತ್ತಿದೆ ಮಗಳೇ.

ಅಳಿಯಂದಿರಿಗೆ ನನ್ನ ನೆನಪು ಹೇಳು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಪ್ಪ,
ರೇವಣಸಿದ್ದಪ್ಪ

ತಾ.ಕ.: ಕವರು ಅಂಟಿಸುವಾಗಲೇ ಹಿರಿಯೂರು ಕಡೆಯ ಹೆಂಗಸೊಬ್ಬಳು ಹಳದಿಗಣ್ಣಿನ ಕೂಸನ್ನು ಎತ್ತಿಕೊಂಡು ಬಂದಳು. ಮದ್ದು ಕೊಡುವುದಿಲ್ಲ, ಆಸ್ಪತ್ರೆಗೆ ಹೋಗಮ್ಮ ಎಂದೆ. “ನಿಮ್ಮ ಮಗಳಿಗೇ ವಾಸಿಯಾಗೈತಂತಲ್ರಿ, ನನ್ನ ಕೂಸೇನು ಪಾಪ ಮಾಡೈತ್ರಿ?” ಎಂದು ಜಗಲಿಯ ಮೇಲೆ ಕುಳಿತಿದ್ದಾಳೆ, ಏಳುತ್ತಿಲ್ಲ. ಇವತ್ತು ಬಂದವರೆಲ್ಲರ ಬಾಯಲ್ಲೂ ನಿನ್ನ ಹೆಸರೇ. ನನ್ನ ಮಾತನ್ನು ಯಾರೂ ನಂಬುತ್ತಿಲ್ಲ. ಮುಂದಿನ ಭಾನುವಾರ, ಮದ್ದಿಗೆ ಜನ ಸೇರುವ ಹೊತ್ತಿಗೆ ಬಾ. “ನಮ್ಮಪ್ಪನ ಮದ್ದಿನಿಂದ ನನಗೆ ಒಂದು ದಿನವೂ ವಾಸಿಯಾಗಿರಲಿಲ್ಲ” ಎಂದು ಅವರೆದುರು ನೀನೇ ಹೇಳಬೇಕು.