ಕಸ್ಕಾ ತಿಂದ ಬಾರ್ಲಿ

ಕೆಗೆನ್,
ಮಾರ್ಚ್ ೧೪

ಕುಲ್ಪಾಶ್ ಅಕ್ಕನಿಗೆ ಓರಗಿತ್ತಿ ಬಲ್ಜಾನ್ ಮಾಡುವ ವಂದನೆಗಳು.

ನಿಮ್ಮ ದನಕರು ಕ್ಷೇಮವೇ, ಮನೆಮಂದಿ ಕ್ಷೇಮವೇ? ಬರೆಯುವುದು ತಡವಾಯಿತು, ಕ್ಷಮಿಸಿ. ಬರೆಯಲು ಕೂತಾಗಲೆಲ್ಲ ಸಿಟ್ಟು ಏರುತ್ತಿತ್ತು. ಈಗಲೂ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಮಗುವಿಗೆ ಜ್ವರವೆಂದು ನಾನು ನಿಮ್ಮ ಮಗನ ಮದುವೆಗೆ ಬರಲಾಗಲಿಲ್ಲ. ನಾನಿಲ್ಲದ ಪಂಕ್ತಿಯಲ್ಲಿ ನನ್ನದೇ ಮಾತಂತೆ. ‘ನಾನು ಕಳಿಸೋ ಬಾರ್ಲಿ ಕಸ್ಕಾ ಹೊಟ್ಟೆಗೆಲ್ಲಿ ಹೋಗುತ್ತೆ? ಬಲ್ಜಾನ್ ಮಾರ್ಕೊಂಡು ತಿಂತಾಳೆ’ ಎಂದಿರಂತೆ. ಎಲ್ಲರೂ ನಕ್ಕರಂತೆ. ಅಲ್ಲಿ ಚಹಾ ಬಗ್ಗಿಸುತ್ತಿದ್ದವಳೇ ಬಂದು ಹೇಳಿದಳು.

ಚಳಿಗೆ ಮುಂಚೆ ನೀವು ಕಸ್ಕಾಳನ್ನು ನನಗೆ ಸೌನ್ ಎಂದು ಸಾಕಲು ಕೊಟ್ಟಿರಿ. ಹಸು ನಿಮ್ಮದು, ಸಾಕುವವಳು ನಾನು, ಹಾಲು ನನ್ನ ಮಕ್ಕಳಿಗೆ. ಆ ಉಪಕಾರ ಮರೆತಿಲ್ಲ. ಆದರೆ ಫೋನಿನಲ್ಲಿ ನಿಮ್ಮದು ಒಂದೇ ರಾಗ: ‘ಇನ್ನೂ ಹಾಕೇ. ಕೈ ಹಿಡೀಬೇಡ. ಮನೆಗೆ ಬಂದ ನೆಂಟರಿಗೆ ಬಡಿಸಿದ ಹಾಗೆ ಬಡಿಸು.’ ಬಕೆಟ್ ತುಂಬಿ ತುಂಬಿ ಬಾರ್ಲಿ ಹಾಕಿದೆ. ಹಾಲು ಏರಲಿಲ್ಲ, ಹಸು ಬಡವಾಯಿತು. ನೀವು ಕಳಿಸಿದ ಹುಲ್ಲೋ, ಬೀಜ ಉದುರಿದ ಮೇಲೆ ಕೊಯ್ದದ್ದು. ಒಲೆಗೆ ಹಾಕಿದ್ದರೆ ಚೆನ್ನಾಗಿ ಉರಿಯುತ್ತಿತ್ತು.

ನಿಮ್ಮ ಮಾತು ಕಿವಿಗೆ ಬಿದ್ದ ಮೇಲೆ ಪಶುವೈದ್ಯ ಸಪಾರ್‌ಗಾಲಿಯವರನ್ನು ಕರೆಸಿದೆ. ಅವರು ಸಗಣಿಯನ್ನು ಜರಡಿಗೆ ಹಾಕಿ ನೀರು ಸುರಿದರು. ಬಾರ್ಲಿ ಇಡಿಇಡಿಯಾಗಿ ಉಳಿಯಿತು.

‘ನೋಡು ತಂಗಿ, ಗಂಟಲ ತನಕ ತುಂಬಿದ್ರೆ ಹೊಟ್ಟೇಲಿ ನಿಲ್ಲಲ್ಲ. ಈಗ ತಿಂದಿದ್ದು ಆಗ ತಿಂದಿದ್ದನ್ನ ತಳ್ಕೊಂಡು ಹೋಗುತ್ತೆ. ಅರಗೋಕೆ ಪುರುಸೊತ್ತೆಲ್ಲಿ? ಆ ಕಡ್ಡಿ ಹುಲ್ಲು ಮೆಲುಕು ಹಾಕಿದ್ರೆ ದವಡೆ ಸವೆಯುತ್ತೆ, ಅಷ್ಟೆ’ ಎಂದರು.

ಅವರು ಹೇಳಿದಂತೆ ಬಾರ್ಲಿ ಅರ್ಧಕ್ಕಿಳಿಸಿ, ನುಚ್ಚು ಮಾಡಿ ಹಾಕಿದೆ. ತವರಿನವರು ಕೊಟ್ಟ ಉಣ್ಣೆ ಜಮಖಾನ ಕೊಟ್ಟು, ಎಳೆಯದಿದ್ದಾಗಲೇ ಕೊಯ್ದು ಒಣಗಿಸಿದ ಕುದುರೆಮೆಂತೆ ಮೇವು ತಂದೆ. ಈಗ ಕಸ್ಕಾ ಮೈ ಹಿಡಿಯುತ್ತಿದ್ದಾಳೆ, ಹಾಲೂ ಏರಿದೆ.

ನಿಮ್ಮ ಬಾರ್ಲಿ ತಿಂದ ಕಳ್ಳರು ನಮ್ಮ ಕೋಳಿಗಳು ಅಕ್ಕ. ಇಡೀ ಚಳಿಗಾಲ ಸಗಣಿ ಬಿಟ್ಟು ಕದಲಲಿಲ್ಲ. ಮುಂದಿನ ಮದುವೆಗೆ ಅವುಗಳನ್ನು ಕರೆದು ಪಂಕ್ತಿಯಲ್ಲಿ ಕೂರಿಸಿ ಬೈಯಿರಿ.

ಹಸು ಬೇಕಾದರೆ ಹೊಡೆದುಕೊಂಡು ಹೋಗಿ. ನನ್ನ ಮಕ್ಕಳು ಹಾಲಿಲ್ಲದ ಚಹಾ ಕುಡಿಯುತ್ತಾರೆ. ಆದರೆ ಮುಂದಿನ ವಾರ ಹೊಸ ವರ್ಷದ ನೌರೀಸ್ ಹಬ್ಬದ ದಿನ, ಅವತ್ತು ನಕ್ಕವರ ಮುಂದೆಯೇ, ಬಲ್ಜಾನ್ ಕದ್ದಿಲ್ಲ ಎಂದು ನೀವು ಹೇಳಬೇಕು. ನನಗೆ ಬೇಕಾದದ್ದು ಇಷ್ಟೇ.

ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಹಾಲು ಮೊಸರು ಹೆಚ್ಚಲಿ. ಹೊಸ ಸೊಸೆ ನಿಮ್ಮ ಮಡಿಲಿಗೆ ಬೇಗ ಮೊಮ್ಮಗುವನ್ನು ಕೊಡಲಿ. ಸಿಟ್ಟಿದ್ದರೂ ಇದನ್ನು ಮನಸಾರೆ ಬರೆದಿದ್ದೇನೆ.

ನಿಮ್ಮ
ಬಲ್ಜಾನ್

ಬರೆಯಬಾರದೆಂದುಕೊಂಡಿದ್ದೆ: ಬೆಟ್ಟದಲ್ಲಿ ಕುದುರೆ ಮಂದೆ ಕಾಯುವ ನನ್ನ ಗಂಡ, ನಿಮ್ಮ ಮೈದುನ ಎರ್ಗಾಲಿ, ಅಲ್ಲಿಂದ ನೇರ ಮದುವೆಗೆ ಬಂದಿದ್ದರಲ್ಲ. ನೀವು ಹಾಗಂದಾಗ ಎದುರಿಗೇ ಕೂತು ತಲೆ ತಗ್ಗಿಸಿ ಊಟ ಮಾಡುತ್ತಿದ್ದರಂತೆ. ಮರುದಿನ ಮನೆಗೆ ಬಂದವರು ಮಗುವಿನ ಜ್ವರ ಹೇಗಿದೆ ಎಂದೂ ಕೇಳಲಿಲ್ಲ. ಕೊಟ್ಟಿಗೆಗೆ ಹೋಗಿ, ಬಚ್ಚಿಟ್ಟ ಬಾರ್ಲಿ ಚೀಲ ಹುಡುಕುವವರಂತೆ ಹುಲ್ಲಿನ ರಾಶಿ ಕೆದಕಿದರು. ‘ಏನು ಹುಡುಕ್ತಿದೀರಿ?’ ಎಂದೆ. ‘ಏನಿಲ್ಲ’ ಎಂದರು. ನಿಮಗಾದರೆ ಜರಡಿ ತೋರಿಸಬಹುದು. ಅವರಿಗೆ ಏನು ತೋರಿಸಲಿ ಅಕ್ಕ?