ಅಚ್ಚು ಹಾಕಿಸಿ ಎಂದವನು

೧೪ ಜೂನ್ ೧೯೮೩, ಮಂಗಳವಾರ
ಎರಡು ಪೀರಿಯಡ್ ಮುಗಿಸಿ ಸ್ಟಾಫ್ ರೂಮಿನಲ್ಲೇ ಕೂತು ಬರೆದೆ. ವಾರಪತ್ರಿಕೆಯವರು ಈ ಸಲ ವಿಮರ್ಶೆಗೆ ಕಳಿಸಿದ್ದು ಮೂರು ಹೊಸ ಕಾದಂಬರಿ. ಎರಡನ್ನು ನಾಲ್ಕು ನಾಲ್ಕು ಸಾಲಿನಲ್ಲಿ ಮುಗಿಸಿದೆ. ಮೂರನೆಯದು ಕೋದಂಡಪ್ಪನದು — ಉರಿಗಾಂ ಚಿನ್ನದ ಗಣಿಯಲ್ಲಿ ಹಾಜರಿ ಬರೆಯುವ ಟೈಂ ಆಫೀಸಿನ ಗುಮಾಸ್ತ. ಹೋದ ವರ್ಷ ಇದರ ಹಸ್ತಪ್ರತಿ ತಂದುಕೊಟ್ಟಿದ್ದ. ಎಂಟು ತಿಂಗಳು ಬೀರುವಿನ ಮೇಲಿತ್ತು. ಕಟ್ಟು ಬಿಚ್ಚಲೇ ಇಲ್ಲ. ಕೇಳಲು ಬಂದಾಗ, ಚೆನ್ನಾಗಿದೆ, ಅಚ್ಚು ಹಾಕಿಸಿ ಎಂದೆ. ಹಾಕಿಸಿಯೇಬಿಟ್ಟಿದ್ದಾನೆ.

ಮೂವತ್ತು ಪುಟ ಓದಿದೆ. ಸಾಕು. ಕೊನೆಯ ಸಾಲು ಮಾತ್ರ ಚೆನ್ನಾಗಿ ಬಂತು: "ಇದನ್ನು ಅಚ್ಚು ಹಾಕಿಸಿ ಎಂದ ಸ್ನೇಹಿತ ಯಾರೋ, ಲೇಖಕರು ಮೊದಲು ಅವನ ಸಹವಾಸ ಬಿಡಲಿ." ಒಬ್ಬನೇ ನಕ್ಕೆ. ಕೆಳಗೆ ಎಂದಿನಂತೆ 'ಒರೆಗಲ್ಲು' ಎಂದು ಸಹಿ. ಅದು ಯಾರೆಂದು ಸಂಪಾದಕರಿಗೆ ಮಾತ್ರ ಗೊತ್ತು.

೩ ಜುಲೈ, ಭಾನುವಾರ
ಉರಿಗಾಂನಿಂದ ಬಂಗಾರಪೇಟೆಗೆ ಮೊದಲ ರೈಲಿಗೇ ಬಂದಿದ್ದಾನೆ ಕೋದಂಡಪ್ಪ. ಕೈಯಲ್ಲಿ ಪತ್ರಿಕೆ. ಮಡಿಸಿ ಮಡಿಸಿ ಹಳೇ ಬಟ್ಟೆಯಂತಾಗಿತ್ತು.

"ಯಾರ್ ಸಾರ್ ಈ ಒರೆಗಲ್ಲು? ಆಫೀಸ್ನಾಗೆ ಗೋಡೆಗ್ ಅಂಟ್ಸವ್ರೆ. ಓಗೋರು ಬರೋರು ಎಲ್ಲಾ ಓದ್ತಾರೆ."

ಗೊತ್ತಿಲ್ಲ ಎಂದೆ. ಕಾಫಿ ತರಿಸಿದೆ.

"ಚೆನ್ನಾಗದೆ ಅಂದೋರು ನೀವೊಬ್ರೇ ಸಾರ್. ನೀವೇ ಒಂದ್ ಉತ್ರ ಬರ್ದು ಪತ್ರಿಕೆಗೆ ಕಳ್ಸಿ. ಲೆಕ್ಚರರ್ ಬರುದ್ರೆ ನಂಬ್ತಾರೆ."

ಬರೀತೀನಿ ಎಂದೆ. ಎದ್ದು ಕೈ ಮುಗಿದ. ಅವನು ಗೇಟು ದಾಟುವವರೆಗೆ ನಗು ತಡೆದುಕೊಂಡೆ.

೯ ಜುಲೈ
ಮಾತು ಕೊಟ್ಟಾಗಿದೆ... ಪುಸ್ತಕ ತೆಗೆದೆ. ಹನ್ನೊಂದನೇ ಅಧ್ಯಾಯ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಮಲಗಿದ್ದಾನೆ. ಇರುವುದು ಒಂದೇ ಕೋಣೆ. ಸದ್ದಾಗದಿರಲೆಂದು ಹೆಂಡತಿ ಪಾತ್ರೆಗಳನ್ನು ಬೀದಿಗೆ ಒಯ್ದು ಬೆಳಗುತ್ತಾಳೆ. ಅಪ್ಪ ಮಲಗವ್ರೆ, ಸುಮ್ನಿರಿ ಎಂದು ಮಕ್ಕಳನ್ನು ಗದರುತ್ತಾಳೆ. ಅವನು ಬೆಳಿಗ್ಗೆಯೇ ಸತ್ತಿದ್ದಾನೆ. ಆಕೆ ಸಂಜೆವರೆಗೂ ಗದರುತ್ತಲೇ ಇರುತ್ತಾಳೆ.

ಎರಡು ಸಲ ಓದಿದೆ. ಆ ಪುಟಕ್ಕೆ ಗುರುತಿಟ್ಟೆ. ಉತ್ತರ ಬರೆಯಲಿಲ್ಲ.

೨೧ ಆಗಸ್ಟ್, ಭಾನುವಾರ. ಬೆಳಿಗ್ಗೆ ೧೧
ಮತ್ತೆ ಬಂದಿದ್ದ. ಜೊತೆಗೆ ಹೆಂಡತಿ ಮುನಿಶಾಮಮ್ಮ. ಉತ್ತರ ಏನಾಯಿತೆಂದು ಅವನು ಕೇಳಲಿಲ್ಲ. ಆಕೆಯೇ ಮಾತಾಡಿದಳು.

"ಎರಡ್ನೇ ಬುಕ್ಕು ಅರ್ಧ ಬರ್ದು ನಿಲ್ಸ್‌ಬುಟ್ಟವ್ರೆ ಸ್ವಾಮಿ. ಸರ್ಯಾಗಿ ಉಣ್ಣಾಕಿಲ್ಲ, ಮಾತಿಲ್ಲ. ನೀವು ಬರಿ ಅಂದ್ರೆ ಬರೀತಾರೆ. ಒಂದ್ ಮಾತೇಳಿ."

"ಸಾರ್ ಎಂಗೇಳ್ತಾರೋ ಅಂಗೆ" ಎಂದ, ನೆಲ ನೋಡುತ್ತ.

ಆ ಅಧ್ಯಾಯ ನಾಲಿಗೆಯ ತುದಿಗೆ ಬಂದಿತ್ತು. ಆಗಲೂ ಹೇಳಬಹುದಿತ್ತು.

"ನಿಲ್ಲಿಸಿದ್ದೇ ಒಳ್ಳೆಯದಾಯ್ತು ಕೋದಂಡಪ್ಪ. ಬರೆಯೋದು ಎಲ್ಲರ ಕೈಲೂ ಆಗೋ ಕೆಲಸ ಅಲ್ಲ."

ಸರಿ ಸಾರ್ ಎಂದು ತಲೆಯಾಡಿಸಿದ. ಆಕೆ ನನ್ನ ಮುಖವನ್ನೇ ನೋಡಿದಳು. ಕಾಫಿ ಮುಟ್ಟಲಿಲ್ಲ. "ನಡೀರಿ ಓಗಾನ" ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿದಳು.

ಮಧ್ಯಾಹ್ನ ೩
ಏಕೆ ಹಾಗೆಂದೆ?

ಟ್ರಂಕಿನಲ್ಲಿ ನನ್ನದೂ ಒಂದು ಕಾದಂಬರಿ ಇದೆ. ಇಪ್ಪತ್ತು ವರ್ಷದ ಹಿಂದೆ ಬರೆದದ್ದು. ಯಾರಿಗೂ ತೋರಿಸಿಲ್ಲ. ಅವರು ಹೋದ ಮೇಲೆ ತೆಗೆದು ಕೂತೆ. ನಾನೂರು ಪುಟ. ಆಗಿನಿಂದ ಹುಡುಕುತ್ತಿದ್ದೇನೆ, ಇಷ್ಟರಲ್ಲಿ ಅವನ ಹನ್ನೊಂದನೇ ಅಧ್ಯಾಯದಂಥದ್ದು ಒಂದೇ ಒಂದು ಕಡೆಯಾದರೂ...