ಅಳಿಯ ಕಾಣೆಯಾಗಿದ್ದಾನೆ

ಜೂನ್ ೩, ಸಂಜೆ
ಬಟ್ಟೆ ಮಡಚುತ್ತಿದ್ದೆ. ಟಿ.ವಿ.ಯಲ್ಲಿ ಪೊಲೀಸ್ ಪ್ರಕಟಣೆ. ಅಳಿಯನ ಫೋಟೋ — ಮದುವೆ ಕಾಲದ್ದು, ಕೆನ್ನೆ ತುಂಬಿದ್ದಾಗಿನದು. ತಲೆಮರೆಸಿಕೊಂಡ ಕೊಲೆ ಆರೋಪಿ. ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಹಾಗಿದ್ದರೆ ಊರಿನ ಅರ್ಧ ಗಂಡಸರನ್ನು ಒಳಗೆ ಹಾಕಬೇಕು. ನನ್ನ ಮಗಳನ್ನು ಮಹಡಿ ಮೆಟ್ಟಿಲಿಂದ ತಳ್ಳಿ ಕೊಂದವನಿಗೆ ಇಷ್ಟೇನಾ!
ಮುಂದಿನದು ಕಾಣೆಯಾದ ಒಬ್ಬ ಮುದುಕನದ್ದು. ಅದಕ್ಕೆ ಮಾತ್ರ ಎಷ್ಟು ಅಕ್ಕರೆ. ಮಚ್ಚೆ, ಊರುಗೋಲು, ಮರೆವು... ಎಲ್ಲ.

ಜೂನ್ ೫
ಸ್ಟೇಷನ್ನಿಗೆ ಹೋದೆ. ಲೇಡಿ ಪೇದೆ ಅಂದಳು, “ಅಜ್ಜಿ, ಕೊಲೆಗಾರ ಅಂದ್ರೆ ಜನ ಕಂಡ್ರೂ ಕಾಣದ ಹಾಗೆ ಹೋಗ್ತಾರೆ. ಸಾಕ್ಷಿ, ಕೋರ್ಟು, ಯಾರಿಗೆ ಬೇಕು? ಕಾಣೆಯಾದವರು ಅಂದ್ರೆ ಫೋನ್ ಮೇಲೆ ಫೋನು.”
“ಹಾಗಾದ್ರೆ ಅವನನ್ನೂ ಕಾಣೆ ಮಾಡಮ್ಮ.”
“ಅದಕ್ಕೆ ಅವನ ಮನೆಯವರೇ ದೂರು ಕೊಡಬೇಕಲ್ಲ.” ನಕ್ಕಳು. ನಾನು ನಗಲಿಲ್ಲ.

ಜೂನ್ ೬
ಅಳಿಯನ ತಾಯಿಯ ಮನೆ. ನಾಲಿಗೆಗೆ ಜೇನು ಸವರಿಕೊಂಡೇ ಹೊಸಿಲು ದಾಟಿದೆ.
“ಬೀಗಿತ್ತಿಯವರೇ, ಹೋದವಳು ಹೋದಳು. ಇವನೂ ಏನಾದ್ರೂ ಮಾಡ್ಕೊಂಡ್ರೆ? ಆರೋಪಿ ಅಂದ್ರೆ ಜನ ಕಲ್ಲು ಹೊಡೀತಾರೆ. ಕಾಣೆಯಾಗಿದ್ದಾನೆ ಅಂತ ಟಿ.ವಿ.ಯಲ್ಲಿ ಹಾಕ್ಸಿದ್ರೆ ಊಟ ಹಾಕಿ ಕೂರಿಸ್ತಾರೆ. ಕೇಸ್ ಕೊಟ್ಟವಳು ನಾನು ತಾನೆ? ವಾಪಸ್ ತಗೋತೀನಿ.”
“ನಿಮ್ಮ ಹೊಟ್ಟೇಲಿ ಇಷ್ಟೊಂದು ಕರುಣೆ ಇದೆಯಾ!” ಕೈ ಹಿಡಿದು ಅತ್ತಳು.
ಹೊಟ್ಟೆಯಲ್ಲಿ ಇರುವುದು ನನಗೆ ಗೊತ್ತು.

ಜೂನ್ ೯
ಇಬ್ಬರೂ ಹೋಗಿ ದೂರು ಕೊಟ್ಟೆವು. ಹೆತ್ತವಳಲ್ಲವೆ, ಒಂದು ಗುರುತೂ ಬಿಡಲಿಲ್ಲ. ಬಲಗಿವಿಯ ಹಿಂದೆ ಸುಟ್ಟ ಕಲೆ. ಲೋಟ ಹಿಡಿಯುವುದು ಎಡಗೈಯಲ್ಲಿ. ಕೂತಲ್ಲಿ ಮೊಣಕಾಲು ಕುಣಿಸುತ್ತಾನೆ. ಹೊಸ ಫೋಟೋ ಬೇರೆ — ಗಡ್ಡದ್ದು. ಪೇದೆ ತಲೆ ಎತ್ತದೆ ಬರೆದುಕೊಂಡಳು.
“ಬೇಗ ಸಿಗಲಿ” ಅಂದೆ. ಇಷ್ಟು ಮನಸಾರೆ ಯಾವ ಮಾತನ್ನೂ ಆಡಿದ್ದಿಲ್ಲ.

ಜೂನ್ ೧೭, ಬೆಳಿಗ್ಗೆ
ಸಿಕ್ಕಿದ! ಟಿ.ವಿ.ಯಲ್ಲಿ ಪ್ರಕಟಣೆ ನೋಡಿದ್ದ ಯಾವುದೋ ಕ್ಯಾಂಟೀನಿನವಳು ಕುಣಿಯುವ ಮೊಣಕಾಲು ನೋಡಿ, ಆಮೇಲೆ ಕಿವಿ ನೋಡಿದಳಂತೆ. “ಅಮ್ಮ ಕಾಯ್ತಿದ್ದಾರಪ್ಪ, ಊಟ ಮಾಡು” ಅಂತ ಕೂರಿಸಿ ಫೋನ್ ಮಾಡಿದಳಂತೆ. ತುತ್ತು ಬಾಯಲ್ಲಿರುವಾಗಲೇ ಕೈಗೆ ಕೋಳ. ಪೇದೆ ಫೋನಿನಲ್ಲಿ ಹೇಳಿದಳು. ಇನ್ನೊಂದು ಸಲ ಹೇಳಮ್ಮ ಅಂದೆ. ಹೇಳಿದಳು.

ಮಧ್ಯಾಹ್ನ
ಗೇಟಿನ ಹತ್ತಿರ ಬೀಗಿತ್ತಿ. ಕೈಯಲ್ಲಿ ಮಗನ ಇಸ್ತ್ರಿ ಮಾಡಿದ ಅಂಗಿ.
“ಸಿಕ್ಕಿದನಂತೆ! ಎಲ್ಲ ನಿಮ್ಮ ಪುಣ್ಯ. ಬನ್ನಿ, ಮನೆಗೆ ಕರ್ಕೊಂಡು ಬರೋಣ” ಅಂತ ಅಲ್ಲಿಂದಲೇ ಕೂಗುತ್ತಿದ್ದಾಳೆ.
ಕೋಳದ ವಿಷಯ ಇವಳಿಗೆ ಯಾರೂ ಹೇಳಿಲ್ಲ. ನಾನೇ ಹೇಳಬೇಕು. ಮಗಳ ಹೆಣದ ಮುಂದೆ ನಿಂತು, ‘ನಿಮ್ಮ ಹುಡುಗಿಗೆ ನೋಡಿ ನಡೆಯೋಕೆ ಕಲಿಸಬೇಕಿತ್ತು’ ಅಂದ ಬಾಯಿ ಇದು.
ಒಂದು ಗಳಿಗೆ ನಿಂತಿರಲಿ. ಕನ್ನಡಕ ಒರೆಸಿಕೊಂಡು ಹೋಗುತ್ತೇನೆ. ಹೇಳುವಾಗ ಅವಳ ಮುಖ ನನಗೆ ಚೆನ್ನಾಗಿ —